ಅಕ್ಷರ ತಿಳಿಯದ ಕೀಲಿಮಣೆ

‘ನಾನೂರು ರೂಪಾಯಿಯ ಕೀಬೋರ್ಡಿನಲ್ಲೂ ಅಕ್ಷರ ಮೂಡುತ್ತದೆ. ನನ್ನ ಮಗ ಅದನ್ನು ಬಿಟ್ಟು, ಸಾವಿರಾರು ರೂಪಾಯಿ ಖರ್ಚು ಮಾಡಿ ಬಿಡಿಭಾಗ ತರಿಸಿಕೊಂಡು, ರಾತ್ರಿಯೆಲ್ಲ ಬೆಸುಗೆ ಹಾಕುತ್ತ ಕೂತಿರುತ್ತಾನೆ. ಇದರಲ್ಲಿ ವಿಜ್ಞಾನವೇನಾದರೂ ಇದೆಯೋ, ಬರೀ ಶೋಕಿಯೋ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಶೋಕಿ ಬೇಕಾದಷ್ಟಿದೆ, ಅದರ ಮಾತು ಆಮೇಲೆ. ವಿಜ್ಞಾನವೂ ಇದೆ. ನಾವು ದಿನವಿಡೀ ಕೈಯಾಡಿಸುವ ಯಂತ್ರಗಳಲ್ಲಿ, ತುದಿಯಿಂದ ಬುಡದವರೆಗೆ ಪೂರ್ತಿ ಅರ್ಥ ಮಾಡಿಕೊಂಡು ನಮ್ಮ ಕೈಯಾರೆ ಕಟ್ಟಬಹುದಾದದ್ದು ಈಗ ಹೆಚ್ಚೇನೂ ಉಳಿದಿಲ್ಲ. ಮೊಬೈಲನ್ನು ಹಾಗೆ ಕಟ್ಟಲಾಗದು, ಲ್ಯಾಪ್‌ಟಾಪನ್ನೂ ಆಗದು. ಕೀಬೋರ್ಡನ್ನು ಕಟ್ಟಬಹುದು.

ಅಗ್ಗದ ಕೀಬೋರ್ಡ್ ಬಿಚ್ಚಿದರೆ ಒಳಗೆ ಗುಳ್ಳೆಗುಳ್ಳೆಯಾದ ಒಂದು ರಬ್ಬರ್ ಹಾಳೆ, ಅದರಡಿಯಲ್ಲಿ ತಂತಿಯ ಗೆರೆ ಮುದ್ರಿಸಿದ ತೆಳು ಪ್ಲಾಸ್ಟಿಕ್ ಪದರಗಳು, ಇಷ್ಟೇ. ಗುಳ್ಳೆ ಕುಸಿದರೆ ಪದರಗಳು ಒಂದಕ್ಕೊಂದು ತಾಗುತ್ತವೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಅದರದೇ ಒಂದು ಸ್ವಿಚ್ ಇರುತ್ತದೆ. ಲೋಹದ ತಗಡಿನಲ್ಲಿ 14 ಮಿಲಿಮೀಟರ್ ಉದ್ದಗಲದ ಚೌಕ ತೂತು, ಅದಕ್ಕೆ ಕಚ್ಚಿ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೇಲೆ ಕೆಳಗೆ ಜಾರುವ ಒಂದು ಕಾಂಡ, ಕಾಂಡದ ಕೆಳಗೆ ಸ್ಪ್ರಿಂಗ್, ಪಕ್ಕದಲ್ಲಿ ತೆಳ್ಳನೆಯ ಎರಡು ಲೋಹದ ಎಲೆಗಳು. ಕಾಂಡ ಮೇಲಿರುವಾಗ ಅದರ ಕಾಲುಗಳು ಒಂದು ಎಲೆಯನ್ನು ಹಿಂದಕ್ಕೆ ದೂಡಿ ಹಿಡಿದಿರುತ್ತವೆ. ಒತ್ತಿದಾಗ ಕಾಲು ಜಾರಿ, ಎಲೆ ಬಿಡುಗಡೆಯಾಗಿ ಇನ್ನೊಂದಕ್ಕೆ ತಾಗುತ್ತದೆ. ಒಟ್ಟು ಓಟ 4 ಮಿಲಿಮೀಟರ್, ಸಂಪರ್ಕ ಕೂಡುವುದು 2 ಮಿಲಿಮೀಟರಿನಲ್ಲಿ. ಹಾಗಾಗಿ ಕೀಲಿಯನ್ನು ತಳಕ್ಕೆ ಕುಟ್ಟಬೇಕಿಲ್ಲ. ಕಾಂಡದ ಕಾಲಿನಲ್ಲಿ ಸಣ್ಣ ಉಬ್ಬು ಇಟ್ಟರೆ ಬೆರಳಿಗೆ ‘ಸಂಪರ್ಕ ಆಯಿತು’ ಎಂಬ ಸುಳಿವು ಸಿಗುತ್ತದೆ. ಬಣ್ಣದಿಂದ ಗುರುತಿಸುವ ಈ ಸ್ವಿಚ್ಚುಗಳಲ್ಲಿ ಕೆಂಪಿಗೂ ಕಂದಿಗೂ ಇರುವ ಮುಖ್ಯ ವ್ಯತ್ಯಾಸ ಆ ಉಬ್ಬೇ. ನೀಲಿಯಲ್ಲಿ ಕಾಂಡವೇ ಎರಡು ತುಂಡು. ಸಡಿಲವಾದ ತುಂಡು ಸರಕ್ಕನೆ ಜಾರಿ ಕೆಳಗೆ ಬಡಿದಾಗ ‘ಟಿಕ್’ ಎನ್ನುತ್ತದೆ.

ಈ ವಿನ್ಯಾಸ ಚೆರಿ ಕಂಪನಿಯದು. 1983ರಲ್ಲಿ ಪೇಟೆಂಟಿಗೆ ಅರ್ಜಿ ಬಿತ್ತು, ಮರುವರ್ಷ ಮಂಜೂರಾಯಿತು. ಅದಕ್ಕೂ ಮೊದಲೇ ಐಬಿಎಂನಲ್ಲಿ ರಿಚರ್ಡ್ ಹಂಟರ್ ಹ್ಯಾರಿಸ್ ಎಂಬ ಎಂಜಿನಿಯರ್ ಬೇರೆಯೇ ದಾರಿ ಹಿಡಿದಿದ್ದರು. ನನಗೆ ಇಂದಿಗೂ ಅಚ್ಚುಮೆಚ್ಚು ಅವರದೇ ಉಪಾಯ. ಉದ್ದನೆಯ ಸಪೂರ ಸ್ಪ್ರಿಂಗನ್ನು ನೆಟ್ಟಗೆ ಒತ್ತುತ್ತ ಹೋದರೆ ಸ್ವಲ್ಪ ಹೊತ್ತು ತಡೆದು, ಒಂದು ಹಂತದಲ್ಲಿ ತಟ್ಟನೆ ಪಕ್ಕಕ್ಕೆ ಬಾಗಿಬಿಡುತ್ತದೆ. ಕಂಬವೊಂದು ಎಷ್ಟು ಭಾರಕ್ಕೆ ಹೀಗೆ ಬಾಗುತ್ತದೆ ಎಂಬ ಲೆಕ್ಕವನ್ನು ಹದಿನೆಂಟನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಹಾಕಿಟ್ಟಿದ್ದ. ಕಟ್ಟಡ, ಸೇತುವೆ ಕಟ್ಟುವವರು ಯಾವುದು ಆಗಲೇಬಾರದೆಂದು ಹೆದರುತ್ತಾರೋ ಅದನ್ನೇ ಹ್ಯಾರಿಸ್ ಕೀಲಿಯ ಕೆಳಗೆ ಬೇಕೆಂದೇ ತಂದಿಟ್ಟರು. ಸ್ಪ್ರಿಂಗ್ ಬಾಗಿದ ಕ್ಷಣದಲ್ಲೇ ಅಡಿಯ ಪುಟ್ಟ ಸುತ್ತಿಗೆ ವಾಲಿ ಸಂಪರ್ಕ ಕೂಡಿಸುತ್ತದೆ. ಬೆರಳಿಗೆ ಸಿಗುವ ಸುಳಿವು, ಕಿವಿಗೆ ಬೀಳುವ ಸದ್ದು, ಕಂಪ್ಯೂಟರಿಗೆ ಹೋಗುವ ಸಂಕೇತ ಮೂರೂ ಒಂದೇ ಘಟನೆಯಿಂದ ಹುಟ್ಟುತ್ತವೆ. 1985ರಲ್ಲಿ ಬಂದ ಐಬಿಎಂನ ಮಾಡೆಲ್ ಎಂ ಕೀಬೋರ್ಡಿನಲ್ಲಿ ಇದೇ ಸ್ಪ್ರಿಂಗ್ ಇತ್ತು. ಆ ಕಾಲದ ಕೀಬೋರ್ಡುಗಳಲ್ಲಿ ಕೆಲವು ಈಗಲೂ ಬಳಕೆಯಲ್ಲಿವೆ.

ಆಮೇಲೆ ಕಂಪ್ಯೂಟರ್ ಅಗ್ಗವಾಯಿತು, ಅದರೊಡನೆ ಕೀಬೋರ್ಡೂ ಅಗ್ಗವಾಗಿ ರಬ್ಬರ್ ಹಾಳೆಗೆ ಇಳಿಯಿತು. ಮೆಕ್ಯಾನಿಕಲ್ ಸ್ವಿಚ್ ಕೆಲವೇ ಮಂದಿಯ ಪಾಲಿಗೆ ಉಳಿಯಿತು. ಚೆರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್ ಮೊದಲಾದ ಕಂಪನಿಗಳು ಅದೇ ಅಳತೆಯ ಸ್ವಿಚ್ಚುಗಳನ್ನು ರಾಶಿರಾಶಿಯಾಗಿ ಮಾಡತೊಡಗಿದವು. ಇವತ್ತು ಒಬ್ಬ ವಿದ್ಯಾರ್ಥಿ ಮನೆಯಲ್ಲಿ ಕೂತು ಕೀಬೋರ್ಡ್ ಕಟ್ಟುತ್ತಾನೆಂದರೆ ಅದರ ಹಿಂದೆ ಹೊಸ ಆವಿಷ್ಕಾರಕ್ಕಿಂತ ಹಳೆಯ ಪೇಟೆಂಟೊಂದು ತೀರಿದ್ದರ ಪಾತ್ರವೇ ದೊಡ್ಡದು.

ಸ್ವಿಚ್ ಕೈಗೆ ಬಂತು. ಇನ್ನು ಅದನ್ನು ಕಂಪ್ಯೂಟರಿಗೆ ಮುಟ್ಟಿಸುವುದು. ಸಣ್ಣ ಕೀಬೋರ್ಡಿನಲ್ಲೂ 61 ಕೀಲಿ ಇರುತ್ತವೆ. ಒಂದೊಂದಕ್ಕೂ ಒಂದೊಂದು ತಂತಿ ಎಳೆದರೆ ಸಣ್ಣ ಚಿಪ್ಪಿಗೆ ಅಷ್ಟು ಕಾಲುಗಳೇ ಇರುವುದಿಲ್ಲ. ಅದಕ್ಕೆ ಕೀಲಿಗಳನ್ನು 5 ಅಡ್ಡಸಾಲು, 14 ಕಂಬಸಾಲುಗಳ ಜಾಲರಿಯಾಗಿ ಹೆಣೆಯುತ್ತಾರೆ. 70 ಜಾಗಕ್ಕೆ 19 ತಂತಿ ಸಾಕು. ಇದು ನಡೆಯುವ ಬಗೆ ಮದುವೆಮನೆಯ ಊಟದ ಪಂಕ್ತಿಯ ಹಾಗೆ. ಬಡಿಸುವವನು ಮೊದಲ ಪಂಕ್ತಿಗೆ ಹೋಗಿ ‘ಸಾರು ಯಾರಿಗೆ?’ ಎಂದು ಕೂಗುತ್ತಾನೆ. ಬೇಕಾದವರು ಕೈಯೆತ್ತುತ್ತಾರೆ, ಎಷ್ಟನೇ ಎಲೆಯವರು ಎಂದು ಅವನು ನೋಡಿಕೊಳ್ಳುತ್ತಾನೆ. ಆಮೇಲೆ ಎರಡನೇ ಪಂಕ್ತಿ, ಮೂರನೆಯದು, ಕೊನೆಯದು ಮುಗಿದದ್ದೇ ಮತ್ತೆ ಮೊದಲಿಗೆ. ಚಿಪ್ ಈ ಸುತ್ತನ್ನು ಸೆಕೆಂಡಿಗೆ ಸಾವಿರ ಸಲಕ್ಕೂ ಹೆಚ್ಚು ಹೊಡೆಯಬಲ್ಲದು. ನಿಮ್ಮ ಬೆರಳು ಕೀಲಿಯ ಮೇಲಿರುವ ಅಷ್ಟು ಹೊತ್ತಿನಲ್ಲೇ ಅದು ಎಲ್ಲ ಪಂಕ್ತಿಗಳನ್ನೂ ಹತ್ತಾರು ಸಲ ಕೇಳಿ ಬಂದಿರುತ್ತದೆ.

ಒಂದು ತೊಡಕಿದೆ. ಮೊದಲ ಪಂಕ್ತಿಗೆಂದು ಕೂಗಿದ್ದು ಎರಡನೇ ಪಂಕ್ತಿಯವರಿಗೂ ಕೇಳಿಸಿ ಅವರೂ ಕೈಯೆತ್ತಿದರೆ? ಜಾಲರಿಯಲ್ಲಿ ಇದು ನಿಜವಾಗಿ ಆಗುತ್ತದೆ. ಒಂದು ಆಯತದ ನಾಲ್ಕು ಮೂಲೆಗಳಲ್ಲಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ, ವಿದ್ಯುತ್ತು ಬಳಸುದಾರಿಯಲ್ಲಿ ಹಿಂದಕ್ಕೆ ಹರಿದು, ಒತ್ತದೇ ಇರುವ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಕಸುಬಿನವರು ಇದನ್ನು ಭೂತದ ಕೀಲಿ ಎನ್ನುತ್ತಾರೆ. ಪರಿಹಾರ ಸುಲಭ, ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್. ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕೂಗು ಪಂಕ್ತಿಯಿಂದ ಪಂಕ್ತಿಗೆ ದಾಟುವುದಿಲ್ಲ.

ಆ ಡಯೋಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1ಎನ್4148 ಎಂಬ ಹೆಸರಿನದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಅಕ್ಕಿಕಾಳಿಗಿಂತ ಸಣ್ಣ ಕಿತ್ತಳೆ ಬಣ್ಣದ ಗಾಜಿನ ಕೊಳವೆ, ಎರಡೂ ಕಡೆ ತಂತಿಯ ಕಾಲು, ಒಂದು ತುದಿಯಲ್ಲಿ ಕರಿ ಪಟ್ಟೆ. ಕೈಯಾರೆ ತಂತಿ ಕಟ್ಟುವವರು ತಗಡನ್ನು ಬೋರಲು ಹಾಕಿ, ಪಟ್ಟೆಯಿಲ್ಲದ ಕಡೆಯ ಕಾಲನ್ನು ಸ್ವಿಚ್ಚಿನ ಒಂದು ಪಿನ್ನಿಗೆ ಸುತ್ತಿ ಬೆಸುಗೆ ಹಾಕುತ್ತಾರೆ. ಪಟ್ಟೆ ಇರುವ ಕಡೆಯ ಕಾಲನ್ನು ಪಕ್ಕದ ಡಯೋಡಿನ ಕಾಲಿನ ಮೇಲೆ ಬಗ್ಗಿಸಿ ಕೂಡಿಸುತ್ತ ಹೋದರೆ ಅದೇ ಅಡ್ಡಸಾಲಿನ ತಂತಿಯಾಗುತ್ತದೆ, ಬೇರೆ ತಂತಿ ಬೇಡ. ಕಂಬಸಾಲಿಗೆ ಮಾತ್ರ ಹೊದಿಕೆಯಿರುವ ತಂತಿಯೇ ಬೇಕು, ಏಕೆಂದರೆ ಅದು ಅಡ್ಡಸಾಲುಗಳ ಮೇಲೆ ಹಾದುಹೋಗುತ್ತದೆ. ಕರಿ ಪಟ್ಟೆಗಳೆಲ್ಲ ಒಂದೇ ದಿಕ್ಕಿಗಿರಬೇಕು. ಒಂದು ತಿರುಗಿ ಕೂತರೂ ಆ ಕೀಲಿ ಮೂಕ. ಬೆಸುಗೆಗೆ 63 ಪಾಲು ತವರ, 37 ಪಾಲು ಸೀಸದ ಮಿಶ್ರಣ ಕಲಿಯುವವರಿಗೆ ಒಳ್ಳೆಯದು. 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಗಂಜಿಯ ಹದಕ್ಕೆ ಬರದೆ ನೇರ ಕರಗುತ್ತದೆ, ನೇರ ಗಟ್ಟಿಯಾಗುತ್ತದೆ. ಮೊದಲು ಐರನ್ನಿನ ಮೊನೆಯಿಂದ ಪಿನ್ನನ್ನು ಕಾಯಿಸಿ, ಆಮೇಲೆ ಬೆಸುಗೆಯ ಎಳೆಯನ್ನು ಪಿನ್ನಿಗೆ ತಾಗಿಸಬೇಕು. ಮೊನೆಯ ಮೇಲೇ ಕರಗಿಸಿ ಹಚ್ಚಿದರೆ ಅಂಟಿದಂತೆ ಕಂಡರೂ ಅಂಟಿರುವುದಿಲ್ಲ.

ತಂತಿಗಳೆಲ್ಲ ಬಂದು ಸೇರುವುದು ಒಂದು ಮೈಕ್ರೋಕಂಟ್ರೋಲರಿಗೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಸಾಕು, ಈ ಕೆಲಸಕ್ಕೆ ಬಳಸಬಹುದಾದ 26 ಕಾಲುಗಳಿವೆ. ಅದರೊಳಗೆ ಹಾಕುವ ತಂತ್ರಾಂಶ ಕ್ಯೂಎಂಕೆ. ಜಪಾನಿನ ಜುನ್ ವಾಕೊ ಬರೆದು ಹಂಚಿದ ಟಿಎಂಕೆಯಿಂದ ಕವಲೊಡೆದದ್ದು, ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಅದು ಮಾಡುವ ಮೊದಲ ಕೆಲಸವೇ ಸ್ವಾರಸ್ಯದ್ದು. ಲೋಹದ ಎಲೆ ಎಲೆಗೆ ತಾಗಿದಾಗ ಒಂದೇ ಏಟಿಗೆ ಕೂರುವುದಿಲ್ಲ, ಕೆಲವು ಸಲ ಪುಟಿಯುತ್ತದೆ. ಚಿಪ್ಪಿನ ಕಣ್ಣಿಗೆ ನೀವು ‘ಕ’ವನ್ನು ನಾಲ್ಕೈದು ಸಲ ಒತ್ತಿದಂತೆ ಕಾಣುತ್ತದೆ. ಅದಕ್ಕೇ ಕ್ಯೂಎಂಕೆ, ಯಾರೂ ಬದಲಿಸದಿದ್ದರೆ, 5 ಮಿಲಿಸೆಕೆಂಡು ಕಾದು ಸಂಪರ್ಕ ನೆಲೆಗೊಂಡಿತೆಂದು ಖಚಿತಪಡಿಸಿಕೊಳ್ಳುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯ ಸಂಗತಿ. ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ. ಅದು ಕಂಪ್ಯೂಟರಿಗೆ ಕಳಿಸುವುದು ಬರೀ ಸಂಖ್ಯೆ. ಯುಎಸ್‌ಬಿ ಪಟ್ಟಿಯಲ್ಲಿ ಇಂಗ್ಲಿಷಿನ ‘ಎ’ ಕೀಲಿಗೆ 4, ‘ಬಿ’ಗೆ 5, ಹೀಗೆ ‘ಝಡ್’ಗೆ 29. ಕರ್ನಾಟಕ ಸರ್ಕಾರ ಅಂಗೀಕರಿಸಿದ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತುತ್ತೇವೆ. ತಂತಿಯಲ್ಲಿ ಹೋಗುವುದು 14, 17, 9, 17, 26. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಾದರೆ ಅದೇ ಪದಕ್ಕೆ 14, 25, 7, 25, 47. ‘ಕ’ಕ್ಕೆ ‘ನ’ ಸೇರಿಸುವುದು, ನಡುವೆ ಒತ್ತಕ್ಷರ ಮೂಡಿಸುವುದು ಎಲ್ಲವೂ ಕಂಪ್ಯೂಟರಿನೊಳಗಿನ ಕೆಲಸ. ಆದ್ದರಿಂದ ‘ಕನ್ನಡಕ್ಕೆ ಬೇರೆ ಕೀಬೋರ್ಡ್ ಬೇಕು’ ಎಂಬ ಹಳೆಯ ಅಳಲಿಗೆ ಆಧಾರವಿಲ್ಲ. ಕೀಲಿಗಳ ಜಾಗ ಕನ್ನಡಕ್ಕೆ ಒಗ್ಗುವಂತಿರಬೇಕು ಎಂಬ ಮಾತಿಗೆ ಮಾತ್ರ ಖಂಡಿತ ಆಧಾರವಿದೆ.

ಮನೆಯಲ್ಲಿ ಕಟ್ಟಿದ ಕೀಬೋರ್ಡಿನ ನಿಜವಾದ ಲಾಭ ಇಲ್ಲೇ ಇರುವುದು. ಯಾವ ಕೀಲಿ ಯಾವ ಸಂಖ್ಯೆ ಕಳಿಸಬೇಕೆಂದು ತೀರ್ಮಾನಿಸುವವರು ನೀವು. ನಾವು ಬರೆಯುವಾಗ ಹೆಜ್ಜೆಹೆಜ್ಜೆಗೂ ಒತ್ತಕ್ಷರ ಬರುತ್ತದೆ, ರಾವ್ ವಿನ್ಯಾಸದಲ್ಲಿ ಒತ್ತು ಕೊಡುವ ಎಫ್ ಕೀಲಿಗೆ ಬಿಡುವೇ ಇಲ್ಲ. ಉದ್ದನೆಯ ಸ್ಪೇಸ್‌ಬಾರನ್ನು ಎರಡು ತುಂಡು ಮಾಡಿ, ಎಡಗಡೆಯದಕ್ಕೆ 9 ಕಳಿಸುವ ಕೆಲಸ ಕೊಟ್ಟರೆ ಒತ್ತಿನ ಕೆಲಸ ಹೆಬ್ಬೆರಳಿಗೆ ಹೋಗುತ್ತದೆ. ‘ಸ್ತ್ರೀ’ ಬರೆಯಲು ಆರು ಕೀಲಿ ಬೇಕು, ಜೊತೆಗೊಂದು ಶಿಫ್ಟ್. ಅದನ್ನು ಪದೇ ಪದೇ ಬಳಸುವವರು ಒಂದೇ ಕೀಲಿಗೆ ಆ ಆರನ್ನೂ ಕಟ್ಟಿಡಬಹುದು. ಒಂದು ಕೀಲಿಯನ್ನು ಹಿಡಿದಾಗ ಮಾತ್ರ ಇನ್ನೊಂದು ಪದರ ಎದ್ದು ಬಂದು, ಮಧ್ಯದ ಸಾಲಿನ ಕೀಲಿಗಳೇ ಬಾಣದ ಗುರುತುಗಳಾಗುವಂತೆ ಮಾಡಬಹುದು. ಅಂಗಡಿಯಲ್ಲಿ ಕೊಂಡ ಬಹುಪಾಲು ಕೀಬೋರ್ಡುಗಳಲ್ಲಿ ಇದಕ್ಕೆ ಅವಕಾಶವಿಲ್ಲ.

ಈಗ ಶೋಕಿಯ ಮಾತು. ಸೆಕೆಂಡಿಗೆ 8,000 ಸಲ ಕಂಪ್ಯೂಟರಿನೊಡನೆ ಮಾತಾಡುವ ಕೀಬೋರ್ಡ್ ಎಂದು ಜಾಹೀರಾತು ಬರುತ್ತದೆ. ಸಾಧಾರಣ ಒಳ್ಳೆಯ ಕೀಬೋರ್ಡ್ 1,000 ಸಲ ಮಾತಾಡುತ್ತದೆ. ಉಳಿಯುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡು ಹಿಡಿಯುತ್ತದೆ. ಲೇಖನ ಬರೆಯುವವರಿಗೆ, ಲೆಕ್ಕ ಬರೆಯುವವರಿಗೆ ಆ ಉಳಿತಾಯದಿಂದ ಏನೂ ಆಗಬೇಕಾದ್ದಿಲ್ಲ. ‘ಅಯಸ್ಕಾಂತದ ಸ್ವಿಚ್’ ಹೊಸ ಕ್ರಾಂತಿ ಎಂಬ ಪ್ರಚಾರವೂ ಇದೆ. ಸ್ವಿಚ್ ಒಳ್ಳೆಯದೇ, ಲೋಹ ಲೋಹಕ್ಕೆ ತಾಗುವ ಗೊಡವೆಯಿಲ್ಲ, ಎಷ್ಟು ಆಳಕ್ಕೆ ಒತ್ತಿದರೆ ಅಕ್ಷರ ಮೂಡಬೇಕೆಂದು ನಾವೇ ಹೊಂದಿಸಬಹುದು. ಆದರೆ ಹೊಸದಲ್ಲ. ಅದರ ಹಿಂದಿನ ತತ್ವವನ್ನು ಎಡ್ವಿನ್ ಹಾಲ್ ಚಿನ್ನದ ತೆಳು ಹಾಳೆಯ ಮೇಲೆ ಪ್ರಯೋಗ ಮಾಡಿ ಕಂಡದ್ದು 1879ರಲ್ಲಿ. ಹನಿವೆಲ್ ಕಂಪನಿಯ ಮೈಕ್ರೋ ಸ್ವಿಚ್ ವಿಭಾಗ ಅದನ್ನು ಕೀಬೋರ್ಡಿಗೆ ತಂದದ್ದು 1968ರಲ್ಲಿ.

ಸದ್ದಿನ ಹುಚ್ಚನ್ನು ನಾನು ಅಷ್ಟಾಗಿ ಆಕ್ಷೇಪಿಸುವುದಿಲ್ಲ. ತಗಡು ಅಲ್ಯುಮಿನಿಯಮ್ಮೋ ಹಿತ್ತಾಳೆಯೋ, ಪೆಟ್ಟಿಗೆಯೊಳಗೆ ಸ್ಪಂಜು ಇದೆಯೋ ಇಲ್ಲವೋ ಎಂಬುದರ ಮೇಲೆ ನಾದ ಬದಲಾಗುವುದು ನಿಜ. ಸ್ಪೇಸ್‌ಬಾರಿನಡಿಯ ತಂತಿಗೆ ಚೂರು ಗ್ರೀಸ್ ಹಚ್ಚಿದರೆ ಗಲಗಲ ನಿಲ್ಲುವುದೂ ನಿಜ. ಕೈನೋವಿನ ಮಾತಿಗೆ ಮಾತ್ರ ಎಚ್ಚರ ಬೇಕು. ಮೆಕ್ಯಾನಿಕಲ್ ಕೀಬೋರ್ಡ್ ತಂದರೆ ನೋವು ಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಇವು ಎತ್ತರವಾಗಿರುತ್ತವೆ. ಅಂಗೈಗೆ ಆಸರೆಯಿಡದೆ ಬಳಸಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ನೋವು ಹೆಚ್ಚಲೂಬಹುದು. ಕುರ್ಚಿ, ಮೇಜಿನ ಎತ್ತರ ಸರಿಮಾಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ, ಮೊದಲು ಅದನ್ನು ಮಾಡಿ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಷ್ಟು: ಮಗನನ್ನು ತಡೆಯಬೇಡಿ. ಹೊಸದಾಗಿ ಶುರುಮಾಡುವ ಉಳಿದವರು ಮಾತ್ರ 61 ಕೀಲಿಯಿಂದ ಆರಂಭಿಸಬೇಡಿ. ಒಂಬತ್ತು ಸ್ವಿಚ್, ಒಂಬತ್ತು ಡಯೋಡ್, ಒಂದು ಪಿಕೊ ತನ್ನಿ. ಮೂರು ಅಡ್ಡಸಾಲು, ಮೂರು ಕಂಬಸಾಲು, ಆರೇ ತಂತಿ. ತಗಡಿನ ಬದಲು ದಪ್ಪ ರಟ್ಟು ಕತ್ತರಿಸಿಕೊಂಡರೂ ನಡೆಯುತ್ತದೆ. ಅಷ್ಟು ಕೆಲಸ ಮಾಡಿದರೆ ಉಳಿದದ್ದೆಲ್ಲ ಅದೇ ಕೆಲಸದ ಪುನರಾವರ್ತನೆ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ. ಏಳುವ ಹೊಗೆ ಸೀಸದ್ದಲ್ಲ, ಬೆಸುಗೆಯೊಳಗಿನ ರಾಳದ್ದು, ಆದರೂ ಉಬ್ಬಸ ಇರುವವರಿಗೆ ಅದು ಆಗುವುದಿಲ್ಲ. ಸೀಸ ಅಂಟುವುದು ಕೈಗೆ. ಐರನ್ ಇಳಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ.