ಖಾಲಿ ಜಾಗದ ವ್ಯಾಕರಣ: ಚೀನಾದ ಇಂಗ್ಲಿಷ್ ಪರೀಕ್ಷಾಭ್ಯಾಸದಲ್ಲಿ ಪೂರ್ಣಕ್ರಿಯೆಯ ಪ್ರಶ್ನೆ

ಚೀನಾದ ಮೂರು ವರ್ಷಗಳ ಹಿರಿಯ ಪ್ರೌಢಶಾಲೆಯು ನಮ್ಮ ಪದವಿಪೂರ್ವ ಹಂತಕ್ಕೆ ಹತ್ತಿರವಾದುದು. ಅದರ ಕೊನೆಯಲ್ಲಿ ಬರುವ ಗಾವೊಕಾವೊ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ 2024ರಲ್ಲಿ ನೋಂದಾಯಿಸಿಕೊಂಡವರ ಸಂಖ್ಯೆ 1 ಕೋಟಿ 34 ಲಕ್ಷವನ್ನು ಮೀರಿತ್ತು. ವಿದೇಶಿ ಭಾಷೆಯ ಪತ್ರಿಕೆಗೆ 150 ಅಂಕಗಳಿದ್ದು, ತಾಯ್ನುಡಿ ಮತ್ತು ಗಣಿತದ ಪತ್ರಿಕೆಗಳಿಗೂ ಅಷ್ಟೇ ಅಂಕಗಳಿವೆ. ರಷ್ಯನ್, ಜಪಾನಿ, ಜರ್ಮನ್, ಫ್ರೆಂಚ್, ಸ್ಪ್ಯಾನಿಶ್ ಭಾಷೆಗಳನ್ನು ಆಯ್ದುಕೊಳ್ಳಲು ಅವಕಾಶವಿದ್ದರೂ ಬಹುಪಾಲು ವಿದ್ಯಾರ್ಥಿಗಳು ಬರೆಯುವುದು ಇಂಗ್ಲಿಷನ್ನೇ. ಈ ಪತ್ರಿಕೆಗಾಗಿ ನಡೆಯುವ ವ್ಯಾಕರಣ, ಪದಸಂಪತ್ತು ಮತ್ತು ವಾಚನದ ಅಭ್ಯಾಸವನ್ನು ಭಾಷಾವಿಜ್ಞಾನದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಭ್ಯಾಸಕ್ಕೆ ವಿದ್ಯಾರ್ಥಿಗಳ ಬಳಕೆಯಲ್ಲಿರುವ ಹೆಸರು ‘ಶ್ವಾತಿ’. ಅಕ್ಷರಶಃ ಹೇಳುವುದಾದರೆ ಪ್ರಶ್ನೆಗಳನ್ನು ಬ್ರಷ್ಷಿನಿಂದ ಉಜ್ಜುವುದು. ಒಂದೇ ಬಗೆಯ ನೂರಾರು ಪ್ರಶ್ನೆಗಳನ್ನು ಬಿಡಿಸಿ, ಪ್ರತಿಯೊಂದನ್ನೂ ಒಂದು ‘ಕಾವೊದಿಯನ್’, ಅಂದರೆ ಪರೀಕ್ಷಾ ಬಿಂದುವಿನ ಅಡಿಯಲ್ಲಿ ವರ್ಗೀಕರಿಸುವುದು ಅದರ ಕ್ರಮ. ಇದನ್ನು ಬಾಯಿಪಾಠದ ಸಂಸ್ಕೃತಿಯೆಂದು ತಳ್ಳಿಹಾಕುವ ಬರಹಗಳಿಗೆ ಕೊರತೆಯಿಲ್ಲ. ಆ ವಿವರಣೆ ಸಾಲದು ಎಂಬುದು ನಮ್ಮ ನಿಲುವು. ಈ ಅಭ್ಯಾಸದ ತಿರುಳಿನಲ್ಲಿ ಒಂದು ನಿಖರವಾದ ವ್ಯಾಕರಣ ವಿಶ್ಲೇಷಣೆಯಿದೆ. ಚೀನೀ ಭಾಷೆಯು ರೂಪದಲ್ಲಿ ಗುರುತಿಸದೆ ಬಿಟ್ಟ ಸ್ಥಳಗಳನ್ನು ಅದು ಒಂದೊಂದಾಗಿ ಹುಡುಕುತ್ತದೆ. ಪ್ರಶ್ನೆಯ ಮಾದರಿ ಎಷ್ಟು ಬಾರಿ ಬದಲಾದರೂ ಅಭ್ಯಾಸದ ಸ್ವರೂಪ ಹೆಚ್ಚು ಬದಲಾಗದಿರಲು ಪರೀಕ್ಷೆಯ ಒತ್ತಡದಷ್ಟೇ ಈ ಭಾಷಿಕ ಕಾರಣವೂ ಹೊಣೆ.

ಅರ್ಥಕ್ಕೊಂದು ಪಠ್ಯ, ರೂಪಕ್ಕೊಂದು ಪಠ್ಯ

ಹೊಸ ಮಾದರಿಯ ಪತ್ರಿಕೆಯಲ್ಲಿ ಶ್ರವಣಕ್ಕೆ 30, ವಾಚನಕ್ಕೆ 50, ಭಾಷಾ ಪ್ರಯೋಗಕ್ಕೆ 30, ಬರವಣಿಗೆಗೆ 40 ಅಂಕಗಳು. ವಾಚನದಲ್ಲಿ ನಾಲ್ಕು ಗದ್ಯಭಾಗಗಳ ಜೊತೆಗೆ, ಏಳು ವಾಕ್ಯಗಳಿಂದ ಐದನ್ನು ಆಯ್ದು ಪಠ್ಯದ ಬಿಡುವುಗಳಲ್ಲಿ ಕೂರಿಸುವ ಪ್ರಶ್ನೆಯೊಂದಿದೆ. ನಮ್ಮ ಚರ್ಚೆಗೆ ಮುಖ್ಯವಾದುದು ಭಾಷಾ ಪ್ರಯೋಗದ ಭಾಗ.

ಅದರಲ್ಲಿ ಎರಡು ಪಠ್ಯಗಳಿರುತ್ತವೆ. ಮೊದಲನೆಯದು ಕ್ಲೋಜ್. ವಿಲ್ಸನ್ ಟೇಲರ್ 1953ರಲ್ಲಿ ರೂಪಿಸಿದ ಮೂಲ ಕ್ಲೋಜ್ ವಿಧಾನದಲ್ಲಿ ಪದಗಳನ್ನು ನಿಶ್ಚಿತ ಅಂತರದಲ್ಲಿ ಯಾಂತ್ರಿಕವಾಗಿ ತೆಗೆದುಹಾಕಲಾಗುತ್ತಿತ್ತು. ಪಠ್ಯವೊಂದು ಓದಲು ಎಷ್ಟು ಸುಲಭ ಎಂಬುದನ್ನು ಅಳೆಯುವುದು ಅದರ ಗುರಿಯಾಗಿತ್ತು. ಗಾವೊಕಾವೊದ ಕ್ಲೋಜ್ ಹಾಗಲ್ಲ. ಸಾಮಾನ್ಯವಾಗಿ ಕಥನರೂಪದ ಪಠ್ಯವೊಂದರಿಂದ 15 ಪದಗಳನ್ನು ಆರಿಸಿ ತೆಗೆಯಲಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಕ್ರಿಯಾಪದ, ನಾಮಪದ, ಗುಣವಾಚಕಗಳು. ಕೊಟ್ಟ ನಾಲ್ಕು ಆಯ್ಕೆಗಳೂ ಒಂದೇ ವರ್ಗದ, ಒಂದೇ ರೂಪದ ಪದಗಳು. ವ್ಯಾಕರಣದ ದೃಷ್ಟಿಯಿಂದ ನಾಲ್ಕೂ ಹೊಂದುವುದರಿಂದ ಆಯ್ಕೆಯನ್ನು ಕಥೆಯ ಅರ್ಥವೇ ತೀರ್ಮಾನಿಸಬೇಕು.

ಎರಡನೆಯದು ಇದಕ್ಕೆ ತದ್ವಿರುದ್ಧ. ಸುಮಾರು 200 ಪದಗಳ ಪಠ್ಯದಲ್ಲಿ 10 ಖಾಲಿ ಜಾಗಗಳಿರುತ್ತವೆ, ಆಯ್ಕೆಗಳಿರುವುದಿಲ್ಲ. ಹೆಚ್ಚಿನ ಜಾಗಗಳ ಪಕ್ಕದಲ್ಲಿ ಪದದ ಮೂಲರೂಪ ಮಾತ್ರ ಇರುತ್ತದೆ. ಉಳಿದ ಕೆಲವಕ್ಕೆ ಆ ಆಧಾರವೂ ಇಲ್ಲ. ಅಲ್ಲಿ ಉಪಪದ, ಉಪಸರ್ಗ, ಸಂಯೋಜಕ ಅಥವಾ ಸಂಬಂಧಾರ್ಥಕ ಸರ್ವನಾಮವನ್ನು ವಿದ್ಯಾರ್ಥಿಯೇ ತುಂಬಬೇಕು. ಪಠ್ಯದ ವಸ್ತು ಬಹಳ ಸಲ ಚೀನಾದ್ದೇ ಆಗಿರುತ್ತದೆ. 2022ರ ಹೊಸ ಮಾದರಿಯ ಮೊದಲ ಪತ್ರಿಕೆಯಲ್ಲಿ ದೈತ್ಯ ಪಾಂಡಾಗಳ ರಾಷ್ಟ್ರೀಯ ಉದ್ಯಾನವಿತ್ತು, 2023ರಲ್ಲಿ ಶ್ಯಾವ್‌ಲಾಂಗ್‌ಬಾವೊ ಎಂಬ ಕಡುಬು. ಸಂಸ್ಕೃತಿ ಪ್ರಜ್ಞೆಯನ್ನು ಬೆಳೆಸುವುದು ಇದರ ಘೋಷಿತ ಉದ್ದೇಶವಾಗಿರಬಹುದು. ಭಾಷಿಕ ಪರಿಣಾಮವೇ ಬೇರೆ. ಕಡುಬಿನ ಬಗ್ಗೆ ಮೊದಲೇ ಬಲ್ಲ ಓದುಗನಿಗೆ ಪಠ್ಯ ಹೊಸದೇನನ್ನೂ ಹೇಳಬೇಕಿಲ್ಲ. ಅವನ ಮುಂದೆ ಉಳಿಯುವುದು ಶುದ್ಧ ರೂಪದ ಸಮಸ್ಯೆ.

ಪದಸಂಪತ್ತಿನ ಬಗ್ಗೆ ಇಲ್ಲಿ ಒಂದು ಮಾತು ಸಾಕು. 2017ರ ಪಠ್ಯಕ್ರಮ ಮಾನದಂಡವು ಸುಮಾರು 3000 ಪದಗಳ ಪಟ್ಟಿಯನ್ನು ಕೊಡುತ್ತದೆ. ಹಳೆಯ ರೂಢಿಯಂತೆ 3500 ಪದಗಳ ಪುಸ್ತಿಕೆಗಳೂ ಚಾಲ್ತಿಯಲ್ಲಿವೆ. ಅಕಾರಾದಿ ಪಟ್ಟಿಯ ಆರಂಭದಲ್ಲೇ ಬರುವ ‘ಅಬಾಂಡನ್’ ಎಂಬ ಪದವನ್ನು ಕಲಿತು, ಅದರ ಅರ್ಥದಂತೆಯೇ ಕಲಿಕೆಯನ್ನು ಕೈಬಿಟ್ಟವರ ಬಗ್ಗೆ ಅಲ್ಲಿ ಒಂದು ಹಳೆಯ ನಗೆಮಾತಿದೆ. ಆದರೆ ನಿಜವಾದ ತೊಡಕು ಪಟ್ಟಿಯ ಉದ್ದದಲ್ಲಿಲ್ಲ. ವಿಳಾಸವೆಂದು ಕಲಿತ ‘ಅಡ್ರೆಸ್’ ವಾಚನ ಪಠ್ಯದಲ್ಲಿ ಸಮಸ್ಯೆಯನ್ನು ನಿಭಾಯಿಸುವ ಕ್ರಿಯೆಯಾಗಿ, ವಿಜೇತನೆಂದು ಕಲಿತ ‘ಚಾಂಪಿಯನ್’ ಒಂದು ವಿಚಾರದ ಪರವಾಗಿ ಹೋರಾಡುವ ಕ್ರಿಯೆಯಾಗಿ ಬಂದಾಗ, ಒಂದು ಪದಕ್ಕೆ ಒಂದು ಅರ್ಥವೆಂಬ ಪಟ್ಟಿಯ ತರ್ಕವೇ ಕುಸಿಯುತ್ತದೆ.

ಒಂದು ಖಾಲಿ ಜಾಗದ ವಿಶ್ಲೇಷಣೆ

ನಾವೇ ರಚಿಸಿಕೊಂಡ ಒಂದು ಉದಾಹರಣೆಯನ್ನು ನೋಡೋಣ: ‘ದಿ ಟೆಂಪಲ್ ____ ಇನ್ ದಿ ಲಾಸ್ಟ್ ಸೆಂಚುರಿ ಸ್ಟಿಲ್ ಸ್ಟ್ಯಾಂಡ್ಸ್ ಬೈ ದಿ ರಿವರ್.’ ಖಾಲಿ ಜಾಗಕ್ಕೆ ಕೊಟ್ಟ ಮೂಲರೂಪ ‘ಬಿಲ್ಡ್’. ತರಬೇತಿ ಪಡೆದ ವಿದ್ಯಾರ್ಥಿ ಮೊದಲು ವಾಕ್ಯದ ಅರ್ಥವನ್ನು ಕೇಳಿಕೊಳ್ಳುವುದಿಲ್ಲ, ವಾಕ್ಯದಲ್ಲಿ ಆಖ್ಯಾತ ಈಗಾಗಲೇ ಇದೆಯೇ ಎಂದು ನೋಡುತ್ತಾನೆ. ‘ಸ್ಟ್ಯಾಂಡ್ಸ್’ ಇದೆ. ಸಂಯೋಜಕವಾಗಲಿ ಸಂಬಂಧಾರ್ಥಕ ಸರ್ವನಾಮವಾಗಲಿ ಇದೆಯೇ? ಇಲ್ಲ. ಹಾಗಾದರೆ ಖಾಲಿ ಜಾಗದಲ್ಲಿ ಎರಡನೆಯ ಪೂರ್ಣಕ್ರಿಯೆ ಬರುವಂತಿಲ್ಲ. ಅದು ‘ಫೇಯ್ ವೇಯ್‌ಯು ದೊಂಗ್‌ತ್ಸಿ’, ಅಂದರೆ ಆಖ್ಯಾತವಲ್ಲದ ಕ್ರಿಯಾಪದ. ಇನ್ನು ಉಳಿದದ್ದು ದೇವಾಲಯಕ್ಕೂ ಕಟ್ಟುವ ಕ್ರಿಯೆಗೂ ಇರುವ ಸಂಬಂಧ ಕರ್ತರಿಯೋ ಕರ್ಮಣಿಯೋ ಎಂಬುದು. ಕರ್ಮಣಿ. ಉತ್ತರ ‘ಬಿಲ್ಟ್’.

ಇದನ್ನು ಉಪಾಯವೆಂದು ಕರೆಯುವುದು ಅನ್ಯಾಯ. ವಾಕ್ಯವನ್ನು ಉಪವಾಕ್ಯಗಳಾಗಿ ಬಿಡಿಸಿ, ಪೂರ್ಣಕ್ರಿಯೆಯನ್ನು ಗುರುತಿಸಿ, ಆಮೇಲೆ ಪ್ರಯೋಗವನ್ನು ನಿರ್ಧರಿಸುವ ಈ ಕ್ರಮವನ್ನು ಯಾವ ವಾಕ್ಯರಚನಾ ಪಾಠದಲ್ಲಾದರೂ ಕಲಿಸಬಹುದು. ಪ್ರಶ್ನೆಯೆಂದರೆ, ಹದಿನೇಳು ವರ್ಷದ ವಿದ್ಯಾರ್ಥಿಗೆ ಇದನ್ನು ಇಷ್ಟು ಬಹಿರಂಗವಾಗಿ ಕಲಿಸಬೇಕಾದ ಅಗತ್ಯ ಏಕೆ ಬಂತು ಎಂಬುದು.

ಅದೇ ನಾಮಪದಗುಚ್ಛ ಚೀನೀ ಭಾಷೆಯಲ್ಲಿ ‘ಶಾಂಗ್ ಗ ಶಿಜಿ ಜಿಯನ್ ದ ಮಿಯಾವೊ’ ಎಂದಾಗುತ್ತದೆ. ಕಟ್ಟು ಎಂಬರ್ಥದ ‘ಜಿಯನ್’ ಪೂರ್ಣ ವಾಕ್ಯದಲ್ಲಿ ಹೇಗಿರುತ್ತದೋ ಇಲ್ಲಿಯೂ ಹಾಗೆಯೇ ಇದೆ. ವಿಶೇಷಣವನ್ನು ವಿಶೇಷ್ಯಕ್ಕೆ ಜೋಡಿಸುವ ‘ದ’ ಎಂಬ ಅವ್ಯಯವೊಂದೇ ಹೆಚ್ಚಿಗೆ ಸೇರಿದೆ. ಕನ್ನಡದ ‘ಕಳೆದ ಶತಮಾನದಲ್ಲಿ ಕಟ್ಟಿದ ದೇವಾಲಯ’ ಎಂಬ ರಚನೆಯನ್ನು ಇದರ ಪಕ್ಕದಲ್ಲಿಟ್ಟರೆ ಪದಕ್ರಮ ಬಹುಮಟ್ಟಿಗೆ ಒಂದೇ: ಎರಡೂ ಭಾಷೆಗಳಲ್ಲಿ ವಿಶೇಷಣ ಉಪವಾಕ್ಯ ನಾಮಪದಕ್ಕಿಂತ ಮೊದಲು ಬರುತ್ತದೆ, ಎರಡರಲ್ಲೂ ಸಂಬಂಧಾರ್ಥಕ ಸರ್ವನಾಮದ ಅಗತ್ಯವಿಲ್ಲ. (‘ಕಟ್ಟಿದ’ ಎಂಬಲ್ಲಿನ ದಕಾರಕ್ಕೂ ಚೀನೀ ‘ದ’ಕಾರಕ್ಕೂ ಇರುವ ಸಾಮ್ಯ ಕೇವಲ ಆಕಸ್ಮಿಕ. ಕನ್ನಡದ್ದರಲ್ಲಿ ಭೂತಕಾಲದ ಪ್ರತ್ಯಯ ಅಡಗಿದೆ. ಚೀನೀಯದಕ್ಕೆ ಕಾಲದ ಗೊಡವೆಯಿಲ್ಲ.) ವ್ಯತ್ಯಾಸವಿರುವುದು ಕ್ರಿಯಾಪದದ ರೂಪದಲ್ಲಿ. ಕನ್ನಡದ ಕೃದಂತವು ಕಾಲವನ್ನೂ ಅಪೂರ್ಣತೆಯನ್ನೂ ಗುರುತಿಸುತ್ತದೆ, ಪ್ರಯೋಗವನ್ನು ಮಾತ್ರ ಗುರುತಿಸುವುದಿಲ್ಲ. ‘ದೇವಾಲಯ ಕಟ್ಟಿದ ರಾಜ’, ‘ರಾಜ ಕಟ್ಟಿದ ದೇವಾಲಯ’ ಎರಡರಲ್ಲೂ ರೂಪ ಒಂದೇ. ಚೀನೀ ಭಾಷೆ ಈ ಮೂರರಲ್ಲಿ ಯಾವುದನ್ನೂ ಕ್ರಿಯಾಪದದ ಮೇಲೆ ಗುರುತಿಸುವುದಿಲ್ಲ.

ಸರಣಿಕ್ರಿಯೆಗಳಲ್ಲಿ ಇದು ಇನ್ನೂ ಸ್ಪಷ್ಟ. ‘ಅವನು ಪುಸ್ತಕ ಎತ್ತಿಕೊಂಡು ತರಗತಿಯಿಂದ ಹೊರಗೆ ಹೋದನು’ ಎಂಬಲ್ಲಿ ಯಾವುದು ಪೂರ್ಣಕ್ರಿಯೆ ಎಂಬ ಬಗ್ಗೆ ಕನ್ನಡಿಗರಿಗೆ ಸಂಶಯವೇ ಬರುವುದಿಲ್ಲ. ಚೀನೀ ವಾಕ್ಯದಲ್ಲಿ ಎತ್ತುವ, ಹೋಗುವ ಕ್ರಿಯೆಗಳೆರಡೂ ಒಂದೇ ವೇಷದಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಒಂದು ಸರಳ ವಾಕ್ಯಕ್ಕೆ ಒಂದೇ ಆಖ್ಯಾತ ಎಂಬ ಸೂತ್ರವನ್ನು ಅಲ್ಲಿನ ಅಧ್ಯಾಪಕರು ಮತ್ತೆ ಮತ್ತೆ ಹೇಳುವುದರ ಹಿನ್ನೆಲೆ ಇದು. ‘ಆದಾಗ್ಯೂ’ ಅರ್ಥದ ‘ಸ್ವೇರಾನ್’ ಮತ್ತು ‘ಆದರೆ’ ಅರ್ಥದ ‘ದಾನ್‌ಶಿ’ ಚೀನೀ ವಾಕ್ಯದಲ್ಲಿ ಜೋಡಿಯಾಗಿ ಬರುವುದರಿಂದ ಇಂಗ್ಲಿಷಿನಲ್ಲಿ ‘ದೋ’ ಬಳಿಕ ‘ಬಟ್’ ಬರುವ ತಪ್ಪೂ ಅಷ್ಟೇ ಪರಿಚಿತ.

ಚೀನೀ ಭಾಷೆಯಲ್ಲಿ ಪೂರ್ಣ ಮತ್ತು ಅಪೂರ್ಣ ಕ್ರಿಯೆಗಳ ಭೇದ ಇದೆಯೇ ಎಂಬುದೇ ವಿವಾದದ ವಿಷಯ ಎಂಬುದನ್ನು ಇಲ್ಲಿ ನೆನೆಯಬೇಕು. ಜೇಮ್ಸ್ ಹ್ವಾಂಗ್ 1980ರ ದಶಕದಲ್ಲಿ ಆ ಭೇದವಿದೆಯೆಂದು ವಾದಿಸಿದರು. ಹು ಜಿಯಾನ್‌ಹ್ವಾ, ಪಾನ್ ಹಾಯ್‌ಹ್ವಾ ಮತ್ತು ಶು ಲಿಯೆಜಿಯೊಂಗ್ 2001ರ ಲೇಖನದಲ್ಲಿ ಅದಕ್ಕೆ ಕೊಡಲಾದ ಆಧಾರಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ಸಿದ್ಧಾಂತಿಗಳು ಇಂದಿಗೂ ಒಮ್ಮತಕ್ಕೆ ಬಾರದ ವರ್ಗವೊಂದನ್ನು ಕೋಟ್ಯಂತರ ವಿದ್ಯಾರ್ಥಿಗಳು ಪ್ರತಿ ವರ್ಷ ಇಂಗ್ಲಿಷಿನ ಮೂಲಕ ಹೊಸದಾಗಿ ಕಟ್ಟಿಕೊಳ್ಳುತ್ತಾರೆ.

ಬಲ್ಲುದು ಮತ್ತು ಬಳಸುವುದು

ಹೀಗೆ ಕಟ್ಟಿಕೊಂಡ ಜ್ಞಾನ ಭಾಷಾಬಳಕೆಗೆ ಒದಗುತ್ತದೆಯೇ? ಜ್ಯಾಂಗ್ ನಾನ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಚೀನೀ ಭಾಷಿಕರು ಪರದೆಯ ಮೇಲೆ ಒಂದೊಂದೇ ಪದವನ್ನು ತಮ್ಮ ವೇಗದಲ್ಲಿ ಓದಿದರು. ಬಹುವಚನ ಪ್ರತ್ಯಯ ತಪ್ಪಿದ ಸ್ಥಳದಲ್ಲಿ ತಾಯ್ನುಡಿಯ ಓದುಗರ ವೇಗ ತಗ್ಗಿತು, ಇವರದು ತಗ್ಗಲಿಲ್ಲ. ಆದರೆ ಕ್ರಿಯಾಪದವು ಬೇಡುವ ವಾಕ್ಯಾಂಗದಲ್ಲಿ ದೋಷವಿದ್ದಾಗ ಇವರೂ ತಡವರಿಸಿದರು. ಓದಿನಲ್ಲಿ ಎಚ್ಚರವಿಲ್ಲದಿರುವುದಲ್ಲ; ತಮ್ಮ ಭಾಷೆ ಕಡ್ಡಾಯವಾಗಿ ಗುರುತಿಸದ ಪ್ರತ್ಯಯವೊಂದೇ ಅವರ ಕಣ್ಣಿಗೆ ತೊಡಕಾಗಲಿಲ್ಲ. ವ್ಯಾಕರಣದ ಪ್ರಶ್ನೆಯಾಗಿ ಕೇಳಿದರೆ ಬಹುವಚನದ ನಿಯಮವನ್ನು ಹೇಳಬಲ್ಲವನೇ, ಓದುವಾಗ ಅದರ ಲೋಪವನ್ನು ದಾಟಿಹೋಗುತ್ತಾನೆ.

ರಾಬರ್ಟ್ ಡಿಕೈಸರ್ 1997ರಲ್ಲಿ ಕೃತಕ ಭಾಷೆಯೊಂದನ್ನು ಕಲಿಸಿ ತೋರಿಸಿದ್ದೂ ಇದಕ್ಕೆ ಪೂರಕ. ಗ್ರಹಿಕೆಯಲ್ಲಿ ಅಭ್ಯಾಸ ಮಾಡಿದವರು ಗ್ರಹಿಕೆಯಲ್ಲಿ, ಉತ್ಪಾದನೆಯಲ್ಲಿ ಅಭ್ಯಾಸ ಮಾಡಿದವರು ಉತ್ಪಾದನೆಯಲ್ಲಿ ಚುರುಕಾದರು. ಒಂದರಿಂದ ಇನ್ನೊಂದಕ್ಕೆ ಆ ಚುರುಕು ಅಷ್ಟಾಗಿ ವರ್ಗಾವಣೆಯಾಗಲಿಲ್ಲ. ಖಾಲಿ ಜಾಗ ತುಂಬುವ ಅಭ್ಯಾಸದಿಂದ ಮುಖ್ಯವಾಗಿ ಕುದುರುವುದು ಖಾಲಿ ಜಾಗ ತುಂಬುವ ಕೌಶಲವೇ ಎಂದು ಇದರಿಂದ ನಿರೀಕ್ಷಿಸಬಹುದು. ಖಾಲಿ ಜಾಗವು ಇಲ್ಲೇನೋ ಬದಲಾಗಬೇಕು ಎಂದು ಮೊದಲೇ ಸಾರುತ್ತದೆ. ಸಹಜ ಪಠ್ಯ ಹಾಗೆ ಸಾರುವುದಿಲ್ಲ.

ಪರೀಕ್ಷೆಯನ್ನು ರೂಪಿಸಿದವರಿಗೆ ಈ ಅಂತರ ತಿಳಿಯದಿರಲಿಲ್ಲ. 1985ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಪ್ರಯೋಗಕ್ಕೆ ಬಂದ ಹೊಸ ಪ್ರವೇಶ ಪರೀಕ್ಷೆಯ ಹಿಂದೆ ಗ್ವೇ ಶಿಚುನ್ ಮತ್ತು ಲೀ ಶ್ಯಾವ್‌ಜು ಅವರಂಥ ವಿದ್ವಾಂಸರಿದ್ದರು. ಭಾಷೆಯ ಕುರಿತ ಜ್ಞಾನದಿಂದ ಭಾಷೆಯ ಬಳಕೆಯತ್ತ ತರಗತಿಯನ್ನು ಎಳೆಯುವ ಸಾಧನ ಪರೀಕ್ಷೆಯೇ ಎಂಬುದು ಅವರ ಭರವಸೆ. ಎರಡು ದಶಕಗಳ ನಂತರ ಚಿ ಲೂಶ್ಯಾ ಅವರ ಅಧ್ಯಯನಗಳು ಆ ಭರವಸೆ ಬಹುಮಟ್ಟಿಗೆ ಈಡೇರಲಿಲ್ಲವೆಂದು ತೋರಿಸಿದವು. ಆಯ್ಕೆಯ ಜರಡಿಯಾಗಿಯೂ ಬದಲಾವಣೆಯ ಸನ್ನೆಗೋಲಾಗಿಯೂ ಒಂದೇ ಪರೀಕ್ಷೆ ಕೆಲಸ ಮಾಡಲಾರದು ಎಂಬುದು ಅವರ ವಿವರಣೆ. ಬರವಣಿಗೆಯ ಪ್ರಶ್ನೆಯಲ್ಲಿ ಯಾರು, ಯಾರಿಗೆ, ಏಕೆ ಬರೆಯುತ್ತಿದ್ದಾರೆ ಎಂಬ ಸಂದರ್ಭವನ್ನು ತರಗತಿಗಳು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಪತ್ರಿಕೆಯ ಪತ್ರಲೇಖನದಲ್ಲಿ ದಶಕಗಳಿಂದ ಬರುತ್ತಿರುವ ಲೀ ಹ್ವಾ ಎಂಬ ಕಾಲ್ಪನಿಕ ವಿದ್ಯಾರ್ಥಿ ವಿದೇಶಿ ಮಿತ್ರರಿಗೆ ಎಷ್ಟೋ ಪತ್ರಗಳನ್ನು ಬರೆದಿದ್ದಾನೆ; ಅವನ ಸ್ವಭಾವ ಎಂಥದೆಂದು ಯಾರಿಗೂ ತಿಳಿಯದು.

ಚಿ ಅವರ ವಿವರಣೆಯನ್ನು ನಾವು ಒಪ್ಪುತ್ತೇವೆ, ಆದರೆ ಅದು ಅರ್ಧ ಮಾತ್ರ. ವ್ಯಾಕರಣದ ಬಹು ಆಯ್ಕೆಯ ಬಿಡಿ ಪ್ರಶ್ನೆಗಳ ಜಾಗಕ್ಕೆ ಪಠ್ಯದೊಳಗಿನ ಖಾಲಿ ಜಾಗಗಳು ಬಂದವು. ದೋಷ ತಿದ್ದುವ ಪ್ರಶ್ನೆ ಹೊಸ ಮಾದರಿಯಲ್ಲಿ ಮರೆಯಾಯಿತು. ಪ್ರತಿ ಬಾರಿಯೂ ಅಭ್ಯಾಸ ಮತ್ತೆ ಅದೇ ಪರೀಕ್ಷಾ ಬಿಂದುಗಳಿಗೆ ಮರಳಿತು. ಆಖ್ಯಾತ, ಕಾಲ, ವಚನ, ಪ್ರಯೋಗ, ಸಂಬಂಧಾರ್ಥಕ ಸರ್ವನಾಮ ಎಂಬ ಬಿಂದುಗಳು ಎರಡು ಭಾಷೆಗಳ ನಡುವಿನ ಅಂತರದಿಂದ ಹುಟ್ಟಿದವು. ಪ್ರಶ್ನೆಪತ್ರಿಕೆ ಬದಲಾದ ಮಾತ್ರಕ್ಕೆ ಆ ಅಂತರ ಕಡಿಮೆಯಾಗುವುದಿಲ್ಲ.

2016ರ ಅಕ್ಟೋಬರಿನಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಮೊದಲಾಗಿ ಬಳಕೆಗೆ ಬಂದ, ಓದಿ ಮುಂದುವರಿಸಿ ಬರೆಯುವ ಪ್ರಶ್ನೆ ಇದಕ್ಕೊಂದು ಪರೀಕ್ಷಾಪ್ರಕರಣ. ಅಪೂರ್ಣ ಕಥೆಯೊಂದನ್ನು ಓದಿ, ಕೊಟ್ಟ ಎರಡು ಆರಂಭದ ವಾಕ್ಯಗಳಿಂದ ಎರಡು ಖಂಡಿಕೆಗಳನ್ನು, ಒಟ್ಟು ಸುಮಾರು 150 ಪದಗಳಲ್ಲಿ, ಬರೆಯಬೇಕು. ಇದಕ್ಕೆ 25 ಅಂಕ. ವಾಂಗ್ ಚೂಮಿಂಗ್ ಬಹುಕಾಲದಿಂದ ಪ್ರತಿಪಾದಿಸಿದ ತತ್ತ್ವ ಇದಕ್ಕೆ ಆಧಾರ: ಓದಿದ ಪಠ್ಯದೊಡನೆ ಹೊಂದಿಕೊಂಡು ಬರೆಯುವಾಗ ಕಲಿಯುವವನ ಭಾಷೆ ಆ ಪಠ್ಯದ ಮಟ್ಟಕ್ಕೆ ಏರುತ್ತದೆ. ರೂಪವನ್ನೂ ಅರ್ಥವನ್ನೂ ಒಂದೇ ಕೆಲಸದಲ್ಲಿ ಹಿಡಿದಿಡುವ ಪ್ರಶ್ನೆ ಈ ಪತ್ರಿಕೆಯಲ್ಲಿ ಇದೊಂದೇ ಎಂದು ನಮಗೆ ತೋರುತ್ತದೆ. ಅಭ್ಯಾಸವೋ ಇಲ್ಲಿಯೂ ತನ್ನ ದಾರಿ ಹಿಡಿಯಿತು. ಕಣ್ಣು ತುಂಬಿ ಬರುವುದಕ್ಕೆ, ಎದೆ ಬಡಿದುಕೊಳ್ಳುವುದಕ್ಕೆ, ಮುಖ ಅರಳುವುದಕ್ಕೆ ಸಿದ್ಧ ವಾಕ್ಯಗಳ ಪಟ್ಟಿಗಳು ಹುಟ್ಟಿಕೊಂಡವು. ಆ ಪಟ್ಟಿಗಳಲ್ಲಿ ಉನ್ನತ ವಾಕ್ಯಮಾದರಿಗಳೆಂದು ಮೆಚ್ಚಿಕೆ ಪಡೆದ ಹಲವು, ಅಪೂರ್ಣಕ್ರಿಯೆಗಳಿಂದ ಕಟ್ಟಿದ ರಚನೆಗಳೇ ಆಗಿರುವುದು ಗಮನಾರ್ಹ. ಖಾಲಿ ಜಾಗದಲ್ಲಿ ವಿದ್ಯಾರ್ಥಿಯನ್ನು ಕಾಡಿದ ವರ್ಗವೇ ಇಲ್ಲಿ ಅಲಂಕಾರವಾಗಿ ಹಿಂದಿರುಗಿದೆ.

ಸಂಶೋಧನೆಗೆ ಇಲ್ಲಿ ತೆರೆದಿರುವ ದಾರಿ ಸಾಕಷ್ಟು ನಿರ್ದಿಷ್ಟವಾದುದು. ವ್ಯಾಕರಣದ ಹತ್ತು ಖಾಲಿ ಜಾಗಗಳನ್ನೂ ಸರಿಯಾಗಿ ತುಂಬಬಲ್ಲ ಚೀನೀ ವಿದ್ಯಾರ್ಥಿಗಳನ್ನು ಆಯ್ದು, ಅಪೂರ್ಣಕ್ರಿಯೆಯ ಜಾಗದಲ್ಲಿ ಪೂರ್ಣಕ್ರಿಯೆ ಬಂದಿರುವ ವಾಕ್ಯಗಳನ್ನು ಜ್ಯಾಂಗ್ ಅವರ ವಿಧಾನದಲ್ಲಿ ಓದಿಸಬಹುದು. ಮುಂದುವರಿಸಿ ಬರೆಯುವ ಅಭ್ಯಾಸ ಹೆಚ್ಚು ದೊರೆತವರೂ ಖಾಲಿ ಜಾಗದ ಅಭ್ಯಾಸ ಹೆಚ್ಚು ದೊರೆತವರೂ ಒಂದೇ ರೀತಿ ತಡವರಿಸುತ್ತಾರೆಯೇ ಎಂದು ನೋಡಬೇಕು. ಕನ್ನಡ ಭಾಷಿಕರನ್ನು ಮೂರನೆಯ ಗುಂಪಾಗಿ ಸೇರಿಸಲು ಸಕಾರಣವಿದೆ. ಪೂರ್ಣತೆಯ ದೋಷದಲ್ಲಿ ಅವರು ತಡೆದು, ‘ಬಿಲ್ಟ್’ ಇರಬೇಕಾದಲ್ಲಿ ‘ಬಿಲ್ಡಿಂಗ್’ ಬಂದಾಗ ತಡೆಯದೆ ಮುಂದೆ ಸಾಗಿದರೆ, ತೊಡಕಿನ ಮೂಲ ತಾಯ್ನುಡಿಯ ಪ್ರತ್ಯಯವ್ಯವಸ್ಥೆಯಲ್ಲಿದೆ ಎಂಬ ವಾದಕ್ಕೆ ಬಲ ಬರುತ್ತದೆ. ಎರಡೂ ಗುಂಪುಗಳು ಎರಡೂ ಕಡೆ ಒಂದೇ ಬಗೆಯಲ್ಲಿ ಓದಿದರೆ, ಈ ಲೇಖನದಲ್ಲಿ ಭಾಷಿಕ ಅಂತರಕ್ಕೆ ಕೊಟ್ಟ ಪಾಲನ್ನು ತಗ್ಗಿಸಿ ಅಭ್ಯಾಸದ ವಿಧಾನಕ್ಕೆ ಹೆಚ್ಚಿನ ಪಾಲನ್ನು ಕೊಡಬೇಕಾಗುತ್ತದೆ.