ಮಕ್ಕಳೊಡನೆ ಹುಬ್ಬಳ್ಳಿಗೆ: ಕಾರಿನಲ್ಲಿ ಸರಕಿಗೆ ಸ್ಥಳವಿಲ್ಲ

ವರ್ತಕರ ಕುಟುಂಬ ಪ್ರವಾಸವೆಂದರೆ ಬಹುಮಟ್ಟಿಗೆ ವಸೂಲಿ ಪ್ರವಾಸವೇ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರು ತುಮಕೂರಿನಲ್ಲಿ ಮಾದರಿಗಳ ಪೆಟ್ಟಿಗೆ, ದಾವಣಗೆರೆಯಲ್ಲಿ ಹಳೆಯ ಬಾಕಿ ಎಂದು ಲೆಕ್ಕ ಹಾಕುತ್ತಾರೆ; ಹಿಂದಿನ ಆಸನದ ಮಕ್ಕಳು ಪೆಟ್ಟಿಗೆಗಳ ನಡುವೆ ಇಕ್ಕಟ್ಟಿನಲ್ಲಿ ಕುಳಿತಿರುತ್ತಾರೆ. ಹಠಾತ್ತನೆ ಬ್ರೇಕ್ ಹಾಕಿದಾಗ ಕಟ್ಟದಿರುವ ಪೆಟ್ಟಿಗೆ ಮುಂದಕ್ಕೆ ಚಿಮ್ಮುತ್ತದೆ. ಮಡಿಲಿನ ಕೂಸನ್ನು ತಾಯಿಯ ತೋಳುಗಳು ಹಿಡಿದುಕೊಳ್ಳಲಾರವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನವನ್ನು ಕಡ್ಡಾಯಗೊಳಿಸಿದೆ. ತಪ್ಪಿದರೆ 1,000 ರೂಪಾಯಿ ದಂಡ. ದಂಡದ ಮಾತಿರಲಿ, ಸರಕನ್ನು ಲಾರಿ ಪಾರ್ಸೆಲ್‌ನಲ್ಲಿ ಕಳುಹಿಸುವುದೇ ಲೇಸು.

ದಾರಿ ಸುಮಾರು 400 ಕಿ.ಮೀ. ನಸುಕಿನಲ್ಲಿ ಹೊರಟರೆ ಮಕ್ಕಳು ಸಾಮಾನ್ಯವಾಗಿ ತುಮಕೂರು ದಾಟುವವರೆಗೂ ನಿದ್ರಿಸುತ್ತಾರೆ. ಅನಂತರ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಬೇಕು. ಅರ್ಧದಾರಿಯ ಚಿತ್ರದುರ್ಗವೇ ಪ್ರಶಸ್ತ: ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯನ್ನು ಕಂಡ ಮಗು ಮುಂದಿನ ದಾರಿಯುದ್ದಕ್ಕೂ ಅದರದೇ ಪ್ರಶ್ನೆ ಕೇಳುತ್ತದೆ. ಬಿಸಿಲೇರುವ ಮುನ್ನವೇ ಹತ್ತಿಳಿಯಬೇಕು. ಬಂಡೆ ಬೇಗ ಕಾಯುತ್ತದೆ. ದಾವಣಗೆರೆಯ ಬೆಣ್ಣೆ ದೋಸೆ ಹಿರಿಯರಿಗಿರಲಿ. ಪ್ರಯಾಣದಲ್ಲಿ ವಾಂತಿಯಾಗುವ ಮಕ್ಕಳಿಗೆ ಮನೆಯ ಮೊಸರನ್ನವೇ ಸಾಕು. ಆ ಊರಿನ ಬಾಕಿಯನ್ನು ದೂರವಾಣಿಯಲ್ಲೇ ಕೇಳಬಹುದು.