ಗೋಡೆಗೆ ಗೋಡೆ, ನಡುವೆ ಬಯಲು

ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ನೆರೆಮನೆಯೆಂದರೆ ಕೂಗಳತೆಯ ದೂರ. ತೋಟದ ತಲೆಯಲ್ಲೊಂದು ಮನೆ, ಗುಡ್ಡದಾಚೆ ಇನ್ನೊಂದು. ಒಂದೇ ಗೋಡೆಯನ್ನು ಇಬ್ಬರು ಹಂಚಿಕೊಳ್ಳುವ ಸಾಲುಮನೆಯ ಬಾಳ್ವೆಯನ್ನು ಇಲ್ಲಿನವರು ಕಾಣುವುದು ಪೇಟೆಗಳಲ್ಲಿ ಮತ್ತು ರಥಬೀದಿಗಳಲ್ಲಿ.

ಪುತ್ತೂರಿನ ಮಹಾಲಿಂಗೇಶ್ವರನ ರಥವು ಏಪ್ರಿಲ್ 17ರಂದು ದೇವಾಲಯದ ಮುಂದಣ ಗದ್ದೆಯಲ್ಲಿ ಸಾಗುತ್ತದೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ತೇರಿಗೆ ಉದ್ದನೆಯ ಬೀದಿಯಿದೆ. ಆದರೆ ಕಟ್ಟಡಗಳೇ ಬಯಲನ್ನು ಸುತ್ತುವರಿದ ಬಗೆಯನ್ನು ನೋಡಬೇಕಾದರೆ ಉಡುಪಿಗೆ ಹೋಗಬೇಕು. ಅಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ ದೇವಾಲಯಗಳನ್ನು ನಡುವಿರಿಸಿಕೊಂಡು ರಥಬೀದಿ ಸುತ್ತುತ್ತದೆ. ಅಷ್ಟಮಠಗಳು ಅದರತ್ತ ಮುಖಮಾಡಿವೆ.

ಪಶ್ಚಿಮ ದೇಶಗಳಲ್ಲಿಯೂ ಇಂತಹ ಚೌಕಗಳುಂಟು. ಪ್ಯಾರಿಸಿನಲ್ಲಿ ನಾಲ್ಕನೆಯ ಹೆನ್ರಿ ದೊರೆ 1605ರಲ್ಲಿ ಆರಂಭಿಸಿದ ರಾಜಚೌಕವು 1612ರಲ್ಲಿ ಮುಗಿಯಿತು. ಅದರ ನಾಲ್ಕು ಪಕ್ಕಗಳಲ್ಲಿಯೂ ಒಂದೇ ಮಾದರಿಯ ಮನೆಗಳು. ಇಂಗ್ಲೆಂಡಿನ ಬಾತ್ ನಗರದಲ್ಲಿ ಜಾನ್ ವುಡ್ ಎಂಬ ಶಿಲ್ಪಿಯು 1728ರಲ್ಲಿ ಕ್ವೀನ್ ಸ್ಕ್ವೇರ್ ಚೌಕವನ್ನು ಕಟ್ಟತೊಡಗಿ, ಒಂದು ಪಕ್ಕದ ಹಲವು ಮನೆಗಳನ್ನು ಒಂದೇ ಅರಮನೆಯಂತೆ ತೋರಿಸಿದನು. ಲಂಡನ್ನಿನ ಹಲವು ಚೌಕಗಳ ನಡುವಣ ಉದ್ಯಾನಕ್ಕೆ ಮಾತ್ರ ಕಬ್ಬಿಣದ ಬೇಲಿ. ಬೀಗದ ಕೈ ಸುತ್ತಲಿನ ನಿವಾಸಿಗಳಿಗಷ್ಟೇ. ನಮ್ಮ ರಥಬೀದಿಗೆ ಬೀಗವಿಲ್ಲ. ತೇರಿನ ಹಗ್ಗ ಹಿಡಿಯಲು ಊರೆಲ್ಲ ಬರಬೇಕಷ್ಟೆ!

ಸಾಲುಮನೆಯ ರಚನೆಯಲ್ಲಿ ಜಾಣ್ಮೆಯಿದೆ. ಹಂಚಿನ ಮಾಡು ಬೀದಿಗೂ ಹಿತ್ತಲಿಗೂ ಇಳಿಯುತ್ತದೆ. ನೆರೆಯವರ ಗೋಡೆಯ ಕಡೆಗೆ ಇಳಿದಿದ್ದರೆ ಆಟಿ ತಿಂಗಳ ಮಳೆನೀರು ಎರಡು ಮನೆಗಳ ನಡುವೆ ನಿಂತು ಒಳಗೆ ಸೋರುತ್ತಿತ್ತು. ಪಕ್ಕದಲ್ಲಿ ಕಿಟಕಿಗೆ ಎಡೆಯಿಲ್ಲದ ಕಾರಣ, ಉದ್ದನೆಯ ಮನೆಗೆ ಬೆಳಕು ಬೇಕಾದರೆ ಒಳ ಅಂಗಳ ಬೇಕು. ಮುಂದಣ ಜಗಲಿ ಮನೆಯದೂ ಹೌದು, ಬೀದಿಯದೂ ಹೌದು. ದಾರಿಹೋಕನು ಬಾಗಿಲು ತಟ್ಟದೆಯೇ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು.

ಆದರೆ ಸಾಲಿನಲ್ಲಿ ಯಾವ ಮನೆಯೂ ಒಂಟಿಯಲ್ಲ. ಒಂದನ್ನು ಕೆಡವಿದಾಗ ನೆರೆಮನೆಯ ಗೋಡೆ ಮಳೆಗೆ ಮೈಯೊಡ್ಡುತ್ತದೆ. ಅದರ ಮೇಲೆ ಹಳೆಯ ಗೂಡುಗಳೂ ಅಡಿಗೆಮನೆಯ ಮಸಿಯೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಆ ಜಾಗದಲ್ಲಿ ಜಗಲಿಯಿಲ್ಲದ ನಾಲ್ಕು ಅಂತಸ್ತಿನ ವಸತಿಗೃಹವೆದ್ದರೆ ಉಳಿದ ಮನೆಗಳು ಕುಳ್ಳಾಗಿ ಕಾಣುತ್ತವೆ. ಅವುಗಳ ಸರದಿಯೂ ಬೇಗನೆ ಬರುತ್ತದೆ.

ತೇರು ಸಾಗಬೇಕೆಂಬ ಕಾರಣದಿಂದ ಬೀದಿಯ ಅಗಲವನ್ನು ಯಾರೂ ಒತ್ತುವಂತಿಲ್ಲ. ಮನೆಗಳ ಸಾಲಿಗೆ ಅಂತಹ ರಕ್ಷಣೆಯಿಲ್ಲ. ಹೊಸದಾಗಿ ಕಟ್ಟುವವರು ಹಳೆಯದನ್ನೇ ಕಟ್ಟಬೇಕಾಗಿಲ್ಲ. ಮುಂಭಾಗದ ಎತ್ತರವನ್ನು ನೆರೆಮನೆಗೆ ಹೊಂದಿಸಿ, ಜಗಲಿಯೊಂದನ್ನು ಉಳಿಸಿದರೂ ಸಾಕು. ಬೀದಿಗೆ ಬಂದವರಿಗೆ ಕೂರಲು ಎಡೆಯಿರುತ್ತದೆ.